ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಬೇಕೆ? ಮೊದಲು ನಿಮ್ಮ ಕಾಲೇಜಿನ ಸಹಿ ಹಾಕಿಸಿಕೊಳ್ಳಿ

ಪ್ರಶ್ನೆ: ನಮ್ಮ ಮೂಲ ಶಿರಸಿ ಕಡೆ. ಅಪ್ಪ ಪಿಂಪ್ರಿಯ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾರೆ, ಮನೆ ಚಿಂಚವಡದಲ್ಲಿ. ನಾನು ಪುಣೆಯ ಸ್ವಾಯತ್ತ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಕಾಲೇಜಿಗೆ ಜರ್ಮನಿ, ಫ್ರಾನ್ಸ್ ಮತ್ತು ಸಿಂಗಾಪುರದ ಯೂನಿವರ್ಸಿಟಿಗಳ ಜೊತೆ ಒಪ್ಪಂದ ಇದೆ. ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಹೋಗಬೇಕು ಅಂತ ತುಂಬಾ ಆಸೆ. ಅಪ್ಪ ಆರು ಲಕ್ಷದವರೆಗೆ ಹೊಂದಿಸಬಹುದು ಅನ್ನುತ್ತಾರೆ. ಆದರೆ ಪ್ಲೇಸ್‌ಮೆಂಟ್ ತಪ್ಪಿದರೆ ಏನು ಗತಿ ಅಂತ ಅವರಿಗೆ ಭಯ. ಅಮ್ಮನಿಗೆ ಊಟದ ಚಿಂತೆ. ಒಬ್ಬ ಏಜೆಂಟ್ ‘ಎಲ್ಲ ನಾವೇ ಮಾಡಿಕೊಡುತ್ತೇವೆ’ ಅಂದಿದ್ದಾರೆ. ಯಾವ ದೇಶ ಒಳ್ಳೆಯದು? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೇಶಗಳ ಹೆಸರಿವೆ. ನಿಮ್ಮ ಕಾಲೇಜಿನ ಕ್ಯಾಲೆಂಡರ್ ಬಗ್ಗೆ ಒಂದು ಮಾತೂ ಇಲ್ಲ. ಪುಣೆಯ ಕಾಲೇಜೊಂದರ ಅಂತರರಾಷ್ಟ್ರೀಯ ವಿಭಾಗದಲ್ಲಿ ಕೂತು ನಾನು ದಿನಾ ನೋಡುವುದು ಇದನ್ನೇ. ಮಕ್ಕಳು ದೇಶ ಆರಿಸಿಕೊಂಡು ಬರುತ್ತಾರೆ. ಆಮೇಲೆ ತಾರೀಖು ಕೂಡಿಬರುವುದಿಲ್ಲ. ಹಾಗಾಗಿ ಯಾವ ದೇಶ ಒಳ್ಳೆಯದು ಅನ್ನುವ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವ ಸೆಮಿಸ್ಟರ್‌ನಲ್ಲಿ ಹೋದರೆ ಇಲ್ಲಿಯ ಓದು ಕೆಡುವುದಿಲ್ಲ, ಅಲ್ಲಿ ಓದಿದ್ದು ಇಲ್ಲಿಯ ಗ್ರೇಡ್ ಕಾರ್ಡಿನಲ್ಲಿ ಬರುತ್ತದಾ, ಇವೆರಡನ್ನು ಮೊದಲು ಬಗೆಹರಿಸಿಕೊಳ್ಳೋಣ.

ನಮ್ಮ ಕಡೆ ಬೆಸ ಸೆಮಿಸ್ಟರ್ ಜುಲೈನಿಂದ ನವೆಂಬರ್–ಡಿಸೆಂಬರ್‌ವರೆಗೆ, ಸಮ ಸೆಮಿಸ್ಟರ್ ಜನವರಿಯಿಂದ ಮೇವರೆಗೆ. ಜರ್ಮನಿಯ ಯೂನಿವರ್ಸಿಟಿಗಳಲ್ಲಿ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ಅಕ್ಟೋಬರ್ ನಡುವಿನಿಂದ ಫೆಬ್ರವರಿ ನಡುವಿನ ತನಕ. ಪರೀಕ್ಷೆ ಅದರ ಮೇಲೆ. ಅಂದರೆ ನೀವು ಐದನೇ ಸೆಮಿಸ್ಟರ್‌ನಲ್ಲಿ ಹೋದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುಮ್ನೆ ಕೂರಬೇಕು. ವಾಪಸ್ ಬರುವ ಹೊತ್ತಿಗೆ ಆರನೇ ಸೆಮಿಸ್ಟರ್ ಅರ್ಧ ಮುಗಿದಿರುತ್ತದೆ. ಬೇಸಿಗೆ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಪಾಠ ಜುಲೈಗೆ ಮುಗಿಯುತ್ತದೆ, ಪರೀಕ್ಷೆ ಕೆಲವೊಮ್ಮೆ ಆಗಸ್ಟ್‌ಗೆ ಹೋಗುತ್ತದೆ. ಆಗ ಇಲ್ಲಿ ಏಳನೇ ಸೆಮಿಸ್ಟರ್ ಶುರುವಾಗಿರುತ್ತದೆ, ಪ್ಲೇಸ್‌ಮೆಂಟ್ ಕಂಪನಿಗಳೂ ಬಂದಿರುತ್ತವೆ. ಜರ್ಮನಿಯಲ್ಲೇ ಹೊಖ್‌ಶೂಲೆ ಅನ್ನುವ ಅನ್ವಯಿಕ ವಿಜ್ಞಾನದ ಸಂಸ್ಥೆಗಳು ಬೇರೆ ಇವೆ. ಅಲ್ಲಿ ಎಲ್ಲವೂ ಸುಮಾರು ಒಂದು ತಿಂಗಳು ಮೊದಲು: ಮಾರ್ಚ್‌ನಲ್ಲಿ ಪಾಠ ಶುರು, ಜುಲೈಗೆ ಪರೀಕ್ಷೆ ಮುಗಿಯುತ್ತದೆ. ನಿಮ್ಮ ಕಾಲೇಜಿನ ಒಪ್ಪಂದ ಯಾವ ಬಗೆಯ ಸಂಸ್ಥೆಯ ಜೊತೆ ಇದೆ ಅಂತ ಮೊದಲು ಕೇಳಿ. ಈ ಒಂದು ತಿಂಗಳು ನಿಮ್ಮ ಪಾಲಿಗೆ ದೊಡ್ಡದು.

ಫ್ರಾನ್ಸಿನಲ್ಲಿ ಎರಡನೇ ಸೆಮಿಸ್ಟರ್ ಜನವರಿಗೆ ಶುರುವಾಗಿ ಮೇ–ಜೂನ್‌ಗೆ ಮುಗಿಯುತ್ತದೆ. ಸಿಂಗಾಪುರದ ದೊಡ್ಡ ಯೂನಿವರ್ಸಿಟಿಗಳಲ್ಲಿ ಜನವರಿಯಿಂದ ಮೇ ಆರಂಭದವರೆಗೆ. ಇವೆರಡೂ ನಮ್ಮ ಸಮ ಸೆಮಿಸ್ಟರ್‌ಗೆ ಚೆನ್ನಾಗಿ ಹೊಂದುತ್ತವೆ. ನನ್ನ ಸಲಹೆ ನೇರವಾಗಿ ಹೇಳಿಬಿಡುತ್ತೇನೆ: ಆರನೇ ಸೆಮಿಸ್ಟರ್‌ಗೆ ಹೋಗಿ. ಏಳಕ್ಕೆ ಬೇಡವೇ ಬೇಡ. ಪುಣೆಯ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಜುಲೈ–ಆಗಸ್ಟ್‌ಗೆ ಕಾವೇರುತ್ತದೆ. ಒಳ್ಳೆಯ ಕಂಪನಿಗಳು ಮೊದಲೇ ಬಂದು ಹೋಗುತ್ತವೆ. ಆನ್‌ಲೈನ್ ಇಂಟರ್‌ವ್ಯೂ ಕೊಡಬಹುದಲ್ವಾ ಅಂತ ಕೇಳುತ್ತಾರೆ. ಕೊಡಬಹುದು, ಆದರೆ ಅದು ಕಂಪನಿಯ ಇಷ್ಟ. ಕಾಲೇಜು ಅದಕ್ಕೆ ಮಾತು ಕೊಡುವುದಿಲ್ಲ. ಐದನೇ ಸೆಮಿಸ್ಟರ್ ಕೂಡ ನನಗೆ ಇಷ್ಟವಿಲ್ಲ. ಮೆಕ್ಯಾನಿಕಲ್‌ನಲ್ಲಿ ಆ ಸೆಮಿಸ್ಟರ್ ತುಂಬಾ ಕಡ್ಡಾಯ ವಿಷಯಗಳೇ. ಆರರಲ್ಲಿ ಇಲೆಕ್ಟಿವ್‌ಗಳು ಬರುತ್ತವೆ, ಹೊಂದಿಸುವುದು ಸುಲಭ.

ಇನ್ನು ಕಾಗದದ ಮಾತು. ಇಡೀ ವಿಷಯದ ಜೀವಾಳ ಲರ್ನಿಂಗ್ ಅಗ್ರಿಮೆಂಟ್ ಅನ್ನುವ ಒಂದೆರಡು ಪುಟದ ಫಾರಂ. ಎಡಗಡೆ ನೀವು ಅಲ್ಲಿ ಓದುವ ವಿಷಯಗಳು, ಬಲಗಡೆ ಅದಕ್ಕೆ ಬದಲಾಗಿ ಇಲ್ಲಿ ಯಾವ ವಿಷಯ ಬಿಡುತ್ತೀರಿ ಅನ್ನುವುದು. ಕೆಳಗೆ ನಿಮ್ಮ ಸಹಿ, ನಿಮ್ಮ ಕಾಲೇಜಿನ ಸಹಿ, ಅಲ್ಲಿಯವರ ಸಹಿ. ನೋಡಲು ಸುಲಭ. ತುಂಬಲು ಕೂತಾಗ ಗೊತ್ತಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಸಿಲೆಬಸ್‌ನಲ್ಲಿ ಮಷಿನ್ ಡಿಸೈನ್ ಇದೆ, ಜೊತೆಗೆ ಅದರ ಲ್ಯಾಬ್. ಜರ್ಮನ್ ಯೂನಿವರ್ಸಿಟಿಯಲ್ಲೂ ಅದೇ ವಿಷಯ ಇರುತ್ತದೆ. ಆದರೆ ಬ್ಯಾಚುಲರ್ ಹಂತದಲ್ಲಿ ಪಾಠ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷ್‌ನಲ್ಲಿ ಇರುವ ವಿಷಯಗಳು ಹೆಚ್ಚಾಗಿ ಮಾಸ್ಟರ್ಸ್ ಹಂತದವು. ಅವನ್ನು ತೆಗೆದುಕೊಳ್ಳಲು ಅಲ್ಲಿಯವರು ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಅನುಮತಿ ಕೊಡಬಹುದು, ಕೊಡದೆಯೂ ಇರಬಹುದು. ಇನ್ನೊಂದು ವಿಷಯ ಪಟ್ಟಿಯಲ್ಲಿ ಚೆಂದ ಕಾಣುತ್ತದೆ, ತೆರೆದು ನೋಡಿದರೆ ಚಳಿಗಾಲದ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಸುತ್ತಾರೆ. ಮತ್ತೊಂದಕ್ಕೆ ಸೀಟು ಮಿತಿ. ಹೀಗೆ ಜರಡಿ ಹಿಡಿದ ಮೇಲೆ ಕೈಯಲ್ಲಿ ಉಳಿಯುವುದು ನಾಲ್ಕೈದು ವಿಷಯ. ಅದರಲ್ಲೇ ನಿಮ್ಮ ಆರನೇ ಸೆಮಿಸ್ಟರ್ ಕಟ್ಟಬೇಕು.

ಕ್ರೆಡಿಟ್, ಅಂದರೆ ಒಂದೊಂದು ವಿಷಯದ ಓದಿನ ತೂಕ, ಅದರ ಲೆಕ್ಕವೂ ಇದೆ. ಯೂರೋಪಿನಲ್ಲಿ ಇಸಿಟಿಎಸ್ ಅಂತ ಒಂದು ಪದ್ಧತಿ. ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ಒಂದು ಇಸಿಟಿಎಸ್ ಅಂದರೆ 25ರಿಂದ 30 ಗಂಟೆ ಕೆಲಸ. ಅದರಲ್ಲಿ ಪಾಠ, ಮನೆ ಓದು, ಪರೀಕ್ಷೆ ತಯಾರಿ ಎಲ್ಲ ಸೇರಿತು. ನಮ್ಮಲ್ಲಿ ಸೆಮಿಸ್ಟರ್‌ಗೆ ಸಾಧಾರಣ 20–22 ಕ್ರೆಡಿಟ್. ಹಾಗಾಗಿ ಇಲ್ಲಿಯ ಒಂದಕ್ಕೆ ಅಲ್ಲಿಯ ಒಂದೂವರೆ ಅಂತ ಹಿಡಿದರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಆದರೆ ನಿಮ್ಮ ಕಾಲೇಜು ಯಾವ ಲೆಕ್ಕ ಹಿಡಿಯುತ್ತದೆ ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಬರೆಸಿಕೊಳ್ಳಿ.

ಗ್ರೇಡ್ ವಿಷಯದಲ್ಲಿ ಇನ್ನೂ ಹುಷಾರು ಬೇಕು. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಗೆರೆ, 5.0 ಫೇಲ್. ಬವೇರಿಯನ್ ಸೂತ್ರ ಅಂತ ಒಂದಿದೆ, ಜರ್ಮನಿಯವರು ಹೊರದೇಶದ ಅಂಕಗಳನ್ನು ಅದರಿಂದಲೇ ಅಳೆಯುತ್ತಾರೆ. ಅದನ್ನೇ ತಿರುಗಿಸಿ ನಮ್ಮ ಹತ್ತರ ಅಳತೆಗೆ ಹಾಕಿದರೆ, ನಿಮ್ಮಲ್ಲಿ ಪಾಸಿಗೆ 4 ಬೇಕು ಅಂತ ಇಟ್ಟುಕೊಂಡರೆ, ಅಲ್ಲಿಯ 2.0 ಇಲ್ಲಿಯ 8 ಆಗುತ್ತದೆ, 3.0 ಇಲ್ಲಿಯ 6. ಯಾರಾದರೂ ಕೈಗೆ ಬಂದ ಹಾಗೆ ಪಟ್ಟಿ ಮಾಡಿ 2.0ಗೆ 7 ಕೊಟ್ಟರೆ ನಿಮ್ಮ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿ, ಸುಮ್ಮನೆ ಇಳಿಯುತ್ತದೆ. ಕೆಲವು ಕಾಲೇಜುಗಳು ಗ್ರೇಡ್ ಬದಲಾಯಿಸುವ ಗೋಜಿಗೇ ಹೋಗುವುದಿಲ್ಲ. ಕ್ರೆಡಿಟ್ ಮಾತ್ರ ಸೇರಿಸಿ ‘ಪಾಸ್’ ಅಂತ ಬರೆಯುತ್ತವೆ. ಆ ಸೆಮಿಸ್ಟರ್ ಸಿಜಿಪಿಎಗೆ ಸೇರುವುದೇ ಇಲ್ಲ. ನನಗೆ ಕೇಳಿದರೆ ಅದೇ ಒಳ್ಳೆಯದು. ಹೊಸ ದೇಶ, ಹೊಸ ಪರೀಕ್ಷಾ ಪದ್ಧತಿ, ಮೂರು ತಾಸಿನ ಒಂದೇ ಪೇಪರ್ ಮೇಲೆ ಎಲ್ಲ ನಿಂತಿರುವ ವಿಷಯಗಳು. ಅಲ್ಲಿ ವಿದ್ಯಾರ್ಥಿಗೆ ಸ್ವಲ್ಪ ಉಸಿರಾಡಲು ಜಾಗ ಬೇಕು.

ಈ ಫಾರಂಗೆ ಇಲ್ಲಿ ಮೂರು ಜನ ಒಪ್ಪಬೇಕು: ಎಚ್‌ಒಡಿ (ನಿಮ್ಮ ವಿಭಾಗದ ಮುಖ್ಯಸ್ಥರು), ಅಕಾಡೆಮಿಕ್ ಡೀನ್, ಪರೀಕ್ಷಾ ವಿಭಾಗದ ಮುಖ್ಯಸ್ಥರು. ಮಕ್ಕಳು ಮೊದಲಿಬ್ಬರ ಹತ್ತಿರ ಹೋಗುತ್ತಾರೆ, ಮೂರನೆಯವರನ್ನು ಮರೆಯುತ್ತಾರೆ. ಗ್ರೇಡ್ ಕಾರ್ಡ್ ಛಾಪಿಸುವವರು ಅವರೇ. ಅವರ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಆರನೇ ಸೆಮಿಸ್ಟರ್ ಖಾಲಿ ಕಂಡರೆ ನಿಮ್ಮನ್ನು ಗೈರುಹಾಜರಿ ಅಂತ ಹಿಡಿಯುತ್ತದೆ. ನಿಮ್ಮದು ಸ್ವಾಯತ್ತ ಕಾಲೇಜು, ಸಿಲೆಬಸ್, ಪರೀಕ್ಷೆ ಎರಡೂ ಕಾಲೇಜಿನ ಕೈಯಲ್ಲೇ ಇವೆ. ಅದು ನಿಮ್ಮ ಅದೃಷ್ಟ. ಇದನ್ನು ಓದುತ್ತಿರುವ ಬೇರೆ ಮಕ್ಕಳು ಸ್ವಾಯತ್ತ ಅಲ್ಲದ ಕಾಲೇಜಿನಲ್ಲಿದ್ದರೆ, ಪರೀಕ್ಷೆ ನಡೆಸುವುದು ಯೂನಿವರ್ಸಿಟಿ. ಅನುಮತಿಯೂ ಅಲ್ಲಿಂದಲೇ ಬರಬೇಕು, ತಿಂಗಳುಗಟ್ಟಲೆ ಹಿಡಿಯಬಹುದು.

ಕೇಳಿಟ್ಟುಕೊಳ್ಳಬೇಕಾದ್ದು ಇನ್ನೂ ಇದೆ. ಅಲ್ಲಿ ಒಂದು ವಿಷಯ ಫೇಲಾದರೆ ಇಲ್ಲಿ ಬ್ಯಾಕ್‌ಲಾಗ್ ಅಂತ ಲೆಕ್ಕವಾ? ಅದನ್ನು ಇಲ್ಲಿಯ ಮರುಪರೀಕ್ಷೆಯಲ್ಲಿ ಬರೆಯಬಹುದಾ? ಮಿನಿ ಪ್ರಾಜೆಕ್ಟಿಗೆ ಯಾರು ಅಂಕ ಕೊಡುತ್ತಾರೆ? ಅಲ್ಲಿಗೆ ಹೋದ ಮೇಲೆ ವಿಷಯ ಬದಲಾದರೆ ಯಾರಿಗೆ ಮೇಲ್ ಹಾಕಬೇಕು? ಈ ಕೊನೆಯದು ನಡೆದೇ ನಡೆಯುತ್ತದೆ. ಎರಡು ಪಾಠಗಳು ಒಂದೇ ಹೊತ್ತಿಗೆ ಬೀಳುತ್ತವೆ, ಇಲ್ಲವೇ ಪ್ರೊಫೆಸರ್ ಆ ವರ್ಷ ಆ ವಿಷಯ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಎರಡು ವಿಷಯ ಜಾಸ್ತಿ ಒಪ್ಪಿಸಿಟ್ಟುಕೊಳ್ಳಿ. ಬದಲಾವಣೆ ಆದರೆ ಮೊದಲ ಎರಡು–ಮೂರು ವಾರದಲ್ಲೇ ಎಚ್‌ಒಡಿ ಅವರಿಂದ ಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಫೋನಿನಲ್ಲಿ ಮರಾಠಿಯಲ್ಲಿ ‘ಹಾಂ, ಚಾಲೇಲ್’ (ಹೂಂ, ನಡೆಯುತ್ತೆ) ಅಂದದ್ದು ವಾಪಸ್ ಬಂದಾಗ ಯಾರಿಗೂ ನೆನಪಿರುವುದಿಲ್ಲ. ಎಚ್‌ಒಡಿ ಬದಲಾಗಿಯೂ ಇರಬಹುದು.

ಏಜೆಂಟ್ ವಿಷಯ. ನಿಜವಾದ ಎಕ್ಸ್‌ಚೇಂಜ್‌ಗೆ ಏಜೆಂಟ್ ಬೇಕಿಲ್ಲ. ಎರಡು ಸಂಸ್ಥೆಗಳ ನಡುವೆ ಒಪ್ಪಂದ ಇರುತ್ತದೆ. ನೀವು ಇಲ್ಲಿ ಫೀ ಕಟ್ಟುತ್ತೀರಿ, ಅಲ್ಲಿ ಬೋಧನಾ ಶುಲ್ಕ ಇಲ್ಲ. ನಿಮ್ಮ ಹೆಸರನ್ನು ನಿಮ್ಮ ಕಾಲೇಜೇ ಅಲ್ಲಿಗೆ ಕಳಿಸುತ್ತದೆ. ಅದಕ್ಕೆ ನಾಮಿನೇಷನ್ ಅನ್ನುತ್ತಾರೆ. ಅದನ್ನು ಹೊರಗಿನವರು ಯಾರೂ ಮಾಡಲಾರರು. ಏಜೆಂಟ್ ನಿಮಗೆ ಮಾರುತ್ತಿರುವುದು ಬಹುಶಃ ಫೀ ಕಟ್ಟಿ ಒಂದು ಸೆಮಿಸ್ಟರ್ ಓದಿ ಬರುವ ಕೋರ್ಸ್. ಅದರಲ್ಲಿ ಬೋಧನಾ ಶುಲ್ಕ ನಿಮ್ಮ ತಲೆಯ ಮೇಲೆ, ಜೊತೆಗೆ ಇಲ್ಲಿಯ ಫೀ ಕೂಡ. ಆ ಕ್ರೆಡಿಟ್ ಇಲ್ಲಿ ಒಪ್ಪುತ್ತಾರಾ ಅನ್ನುವುದಕ್ಕೂ ಖಾತ್ರಿ ಇಲ್ಲ. ಒಪ್ಪಂದ ಇರುವ ಕಾಲೇಜಿನಲ್ಲಿ ಓದುತ್ತಿರುವ ನೀವು ಆ ದಾರಿ ಹಿಡಿಯಬೇಡಿ.

ಆದರೆ ಒಪ್ಪಂದ ಇದೆ ಅಂದ ಮಾತ್ರಕ್ಕೆ ನಂಬಿ ಕೂರಬೇಡಿ. ಕಾಲೇಜಿನ ಗೋಡೆಯ ಮೇಲೆ ಇಪ್ಪತ್ತು ದೇಶದ ಬಾವುಟ ಹಾಕಿರುತ್ತಾರೆ. ಕೆಲವು ಒಪ್ಪಂದಗಳ ಅವಧಿ ಮುಗಿದಿರುತ್ತದೆ. ಕೆಲವು ಬರೀ ಸಂಶೋಧನೆಗೆ, ಅಧ್ಯಾಪಕರ ಭೇಟಿಗೆ. ಅಂತರರಾಷ್ಟ್ರೀಯ ವಿಭಾಗಕ್ಕೆ ಹೋಗಿ ಮೂರು ವಿಷಯ ಕೇಳಿ: ಒಪ್ಪಂದ ಯಾವ ವರ್ಷದವರೆಗೆ ಇದೆ, ಅದರಲ್ಲಿ ಬೋಧನಾ ಶುಲ್ಕದ ವಿನಾಯಿತಿ ಅಂತ ಸ್ಪಷ್ಟವಾಗಿ ಬರೆದಿದೆಯಾ, ಹಿಂದೆ ಯಾರು ಹೋಗಿ ಬಂದಿದ್ದಾರೆ. ಹೋಗಿ ಬಂದವರ ಜೊತೆ ಅರ್ಧ ತಾಸು ಕೂತು ಮಾತಾಡಿ. ಅವರ ಲರ್ನಿಂಗ್ ಅಗ್ರಿಮೆಂಟ್‌ನ ನಕಲು ಸಿಕ್ಕರೆ ಬಂಗಾರ. ಎಚ್‌ಒಡಿ ಮುಂದೆ ‘ಸರ್, ಹೋದ ಸಲ ಈ ವಿಷಯಕ್ಕೆ ಇದನ್ನು ಒಪ್ಪಿದ್ದೀರಿ’ ಅಂತ ತೋರಿಸಬಹುದು.

ಈಗ ದುಡ್ಡು. ನಿಮ್ಮ ಅಪ್ಪನ ಆರು ಲಕ್ಷವನ್ನು ಮೂರೂ ಕಡೆ ಇಟ್ಟು ನೋಡೋಣ. ಲೆಕ್ಕಕ್ಕೆ ಒಂದು ಯೂರೋಗೆ 100 ರೂಪಾಯಿ ಅಂತ ಹಿಡಿಯುತ್ತೇನೆ. ನೀವು ಇನ್ನೊಂದು ಹತ್ತು ರೂಪಾಯಿ ಮೇಲೆ ಹಿಡಿದು ಲೆಕ್ಕ ಹಾಕಿ.

ಜರ್ಮನಿಗೆ ವಿದ್ಯಾರ್ಥಿ ವೀಸಾ ಬೇಕಾದರೆ ಬ್ಲಾಕ್ಡ್ ಅಕೌಂಟ್ ತೆರೆದು ಹಣ ಮುಂಚೆಯೇ ಹಾಕಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಇದು ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳಿಗೆ 5,952 ಯೂರೋ, ಅಂದರೆ ಹತ್ತಿರ ಹತ್ತಿರ ಆರು ಲಕ್ಷ. ಈ ಹಣ ಎಲ್ಲೂ ಹೋಗುವುದಿಲ್ಲ. ಅಲ್ಲಿ ಹೋದ ಮೇಲೆ ತಿಂಗಳು ತಿಂಗಳು ನಿಮ್ಮ ಖಾತೆಗೇ ಬರುತ್ತದೆ. ಬಾಡಿಗೆ, ಊಟ, ವಿಮೆ ಅದರಲ್ಲೇ ಆಗಬೇಕು. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸರ್ಕಾರಿ ಆರೋಗ್ಯ ವಿಮೆಯೇ ತಿಂಗಳಿಗೆ 140 ಯೂರೋ ದಾಟುತ್ತದೆ. ಇದರ ಮೇಲೆ ವಿಮಾನ ಟಿಕೆಟ್ ಹೋಗಿ ಬರಲು 60–80 ಸಾವಿರ, ವೀಸಾ ಶುಲ್ಕ 75 ಯೂರೋ, ಸೆಮಿಸ್ಟರ್ ಶುಲ್ಕ 100ರಿಂದ 350 ಯೂರೋ, ಚಳಿಯ ಬಟ್ಟೆ, ಮನೆಗೆ ಡಿಪಾಸಿಟ್. ಸೆಮಿಸ್ಟರ್ ಶುಲ್ಕದಲ್ಲಿ ಬಸ್–ರೈಲಿನ ಪಾಸ್ ಸೇರಿರುವ ಊರುಗಳೇ ಜಾಸ್ತಿ, ಹಾಗಾಗಿ ಅದನ್ನು ದುಂದು ಅಂದುಕೊಳ್ಳಬೇಡಿ. ಒಟ್ಟಿಗೆ ಏಳೂವರೆ ಲಕ್ಷದ ಸುತ್ತ ನಿಲ್ಲುತ್ತದೆ. ಮ್ಯೂನಿಕ್‌ನಂಥ ಊರಾದರೆ ಇನ್ನೂ ಮೇಲೆ. ಪೂರ್ವ ಜರ್ಮನಿಯ ಕೆಮ್ನಿಟ್ಸ್, ಮಾಗ್ಡೆಬುರ್ಗ್ ಥರದ ಊರುಗಳಲ್ಲಿ ಬಾಡಿಗೆ ಕಡಿಮೆ, ತಿಂಗಳ ಹಣದಲ್ಲಿ ಸ್ವಲ್ಪ ಉಳಿಸಲೂಬಹುದು.

ಫ್ರಾನ್ಸಿಗೆ ಬ್ಲಾಕ್ಡ್ ಅಕೌಂಟ್ ಇಲ್ಲ. ತಿಂಗಳಿಗೆ 615 ಯೂರೋ ಇದೆ ಅಂತ ತೋರಿಸಿದರೆ ಸಾಕು. ಆದರೆ ತೋರಿಸುವುದು ಬೇರೆ, ಬದುಕುವುದು ಬೇರೆ. ಪ್ಯಾರಿಸ್ ಬಿಟ್ಟು ಬೇರೆ ಊರಾದರೆ, ಸರ್ಕಾರಿ ವಿದ್ಯಾರ್ಥಿ ವಸತಿಯಲ್ಲಿ ರೂಮ್ ಸಿಕ್ಕರೆ, ತಿಂಗಳಿಗೆ 800 ಯೂರೋದಲ್ಲಿ ನಡೆಯುತ್ತದೆ. ಐದು ತಿಂಗಳಿಗೆ ನಾಲ್ಕು ಲಕ್ಷ, ಟಿಕೆಟ್ ಮತ್ತು ಇತರೆ ಸೇರಿ ಐದೂವರೆ. ನಿಮ್ಮ ಅಪ್ಪನ ಮಿತಿಯೊಳಗೆ ಬಂತು. ಸಿಂಗಾಪುರದಲ್ಲಿ ಟಿಕೆಟ್ ಅಗ್ಗ, ಹಾಕರ್ ಸೆಂಟರ್ ಅನ್ನುವ ಸಾಲು ಊಟದಂಗಡಿಗಳ ಊಟವೂ ಅಗ್ಗ. ಎಲ್ಲ ನಿಂತಿರುವುದು ವಾಸದ ಮೇಲೆ. ಕ್ಯಾಂಪಸ್‌ನಲ್ಲಿ ಹಾಸ್ಟೆಲ್ ಸಿಕ್ಕರೆ ಆರು ಲಕ್ಷದಲ್ಲಿ ಆಗುತ್ತದೆ, ಹೊರಗೆ ಬಾಡಿಗೆ ಹಿಡಿದರೆ ಕಷ್ಟ.

ಸ್ಕಾಲರ್‌ಶಿಪ್ ಸಿಕ್ಕರೆ ಚಿತ್ರವೇ ಬೇರೆ. ಯೂರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಹೊರದೇಶದಿಂದ ಬರುವ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ತಿಂಗಳಿಗೆ 800ರಿಂದ 900 ಯೂರೋ, ಜೊತೆಗೆ ಪ್ರಯಾಣಕ್ಕೂ ಹಣ ಇದೆ. ಆದರೆ ಇದಕ್ಕೆ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ. ಅಲ್ಲಿಯ ಯೂನಿವರ್ಸಿಟಿ ನಿಮ್ಮ ಕಾಲೇಜಿನ ಹೆಸರು ಸೇರಿಸಿ ಯೋಜನೆ ಪಡೆದಿರಬೇಕು. ‘ಈ ಒಪ್ಪಂದದಲ್ಲಿ ಎರಾಸ್ಮಸ್ ಸೀಟು ಇದೆಯಾ’ ಅಂತ ಒಂದು ಮೇಲ್ ಹಾಕಿ ಕೇಳಿ. ಇರುವ ಸೀಟುಗಳಿಗೆ ಯಾರೂ ಕೇಳದೆ ಖಾಲಿ ಹೋಗಬಾರದು, ಅಲ್ವಾ? ಫ್ರಾನ್ಸಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ ಫ್ರೆಂಚ್ ರಾಯಭಾರ ಕಚೇರಿಯ ಚಾರ್ಪಾಕ್ ಎಕ್ಸ್‌ಚೇಂಜ್ ಸ್ಕಾಲರ್‌ಶಿಪ್ ಇದೆ, ಅದಕ್ಕೆ ನೀವೇ ಅರ್ಜಿ ಹಾಕಬಹುದು.

ಸಾಲ ಮಾಡಿ ಹೋಗುವುದಕ್ಕೆ ನಾನು ಹೂಂ ಅನ್ನುವುದಿಲ್ಲ. ಪೂರ್ತಿ ಡಿಗ್ರಿಗೆ ಸಾಲ ಮಾಡಿದರೆ ಅದು ಕೆಲಸ ತಂದುಕೊಡುತ್ತದೆ, ತೀರಿಸುತ್ತೀರಿ. ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ನಿಮ್ಮ ಕಣ್ಣು ತೆರೆಸುತ್ತದೆ, ಧೈರ್ಯ ಕೊಡುತ್ತದೆ, ಮುಂದೆ ಎಂಎಸ್‌ಗೆ ಹೋಗುವಾಗ ಅನುಕೂಲ ಆಗುತ್ತದೆ. ಆದರೆ ಅದರಿಂದ ಸಂಬಳ ಬರುತ್ತದೆ ಅಂತ ಯಾರೂ ಹೇಳಲಾಗದು. ಆರು ಲಕ್ಷ ಮಿತಿಯಾದರೆ ಫ್ರಾನ್ಸ್ ನೋಡಿ, ಸ್ಕಾಲರ್‌ಶಿಪ್ ಸಿಕ್ಕರೆ ಜರ್ಮನಿ.

ಹಣ ಕಳಿಸುವಾಗ ಎರಡು ಮಾತು ಅಪ್ಪನಿಗೆ ಹೇಳಿ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳಿಸುವ ಮೊತ್ತ 10 ಲಕ್ಷ ದಾಟದಿದ್ದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಕಡಿತ ಇಲ್ಲ. ಹಾಗಾಗಿ ಆ ಚಿಂತೆ ಬಿಡಲಿ. ಎರಡನೆಯದು, ಬ್ಲಾಕ್ಡ್ ಅಕೌಂಟ್‌ಗೆ ಕಳಿಸುವಾಗ ಮಧ್ಯದ ಬ್ಯಾಂಕುಗಳ ಚಾರ್ಜ್ ಕಳಿಸುವವರದೇ ಅಂತ ಫಾರಂನಲ್ಲಿ ಗುರುತು ಹಾಕಲಿ. ಇಲ್ಲದಿದ್ದರೆ ದಾರಿಯಲ್ಲಿ ಹದಿನೈದು–ಇಪ್ಪತ್ತು ಯೂರೋ ಕಡಿತವಾಗಿ, ಅಲ್ಲಿ ಮುಟ್ಟುವ ಹಣ ಕಡಿಮೆ ಬೀಳುತ್ತದೆ. ಪೂರ್ತಿ ಮೊತ್ತ ಆಗದೆ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಬರುವುದಿಲ್ಲ. ಮತ್ತೆ ಕಳಿಸಿ, ಮತ್ತೆ ಕಾಯಬೇಕು.

ಪಾಸ್‌ಪೋರ್ಟ್ ಇದೆಯಾ? ಇದ್ದರೆ ಇವತ್ತೇ ತೆಗೆದು ಅದರಲ್ಲಿ ಹೆಸರು ಹೇಗಿದೆ ನೋಡಿ. ಮಹಾರಾಷ್ಟ್ರದಲ್ಲಿ ಓದಿದ ಕನ್ನಡದ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಇಲ್ಲಿಯ ಶಾಲೆ–ಕಾಲೇಜುಗಳಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ಅಪ್ಪನ ಹೆಸರು. ಹತ್ತನೇ ತರಗತಿಯ ಮಾರ್ಕ್ಸ್‌ಕಾರ್ಡಿನಲ್ಲಿ ‘ಹೆಗಡೆ ಕಾವ್ಯಾ ಸುಬ್ರಾಯ’ ಅಂತಿರುತ್ತದೆ. ಊರಿನ ಕಡೆ ಮಾಡಿಸಿದ ಆಧಾರ್‌ನಲ್ಲಿ ‘ಕಾವ್ಯಾ ಎಸ್. ಹೆಗಡೆ’. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರನ್ನು ಒಂದೇ ಸಾಲಿಗೆ ತುಂಬಿರುತ್ತಾರೆ. ನಮಗೆ ಮೂರೂ ಒಬ್ಬಳೇ ಹುಡುಗಿ. ವೀಸಾ ನೋಡುವ ಅಧಿಕಾರಿಗೆ ಮೂವರು. ಕಾಲೇಜಿನ ದಾಖಲೆ ಮತ್ತು ಪಾಸ್‌ಪೋರ್ಟ್ ಎರಡೂ ಹೊಂದಬೇಕು. ಹೊಂದದಿದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಹೆಸರು ಸರಿಮಾಡಿಸಿಕೊಳ್ಳಿ. ಟೈಮ್ ಇದೆ, ಈಗಲೇ ಮಾಡಿದರೆ ಆರಾಮ. ಆಮೇಲೆ ನಾಮಿನೇಷನ್, ಬ್ಲಾಕ್ಡ್ ಅಕೌಂಟ್, ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ, ಒಂದು ಅಕ್ಷರ ಆಚೀಚೆ ಇಲ್ಲದೆ ಬರೆಯಿರಿ.

ನಿಮ್ಮ ಮುಂದಿನ ತಿಂಗಳುಗಳು ಹೇಗೆ ಸಾಗುತ್ತವೆ ಅಂದರೆ, ಕಾಲೇಜಿನ ಒಳಗಿನ ಆಯ್ಕೆ ಸಾಧಾರಣವಾಗಿ ಐದನೇ ಸೆಮಿಸ್ಟರ್ ಶುರುವಿನಲ್ಲಿ ನಡೆಯುತ್ತದೆ. ಅಲ್ಲಿಯವರೆಗಿನ ಸಿಜಿಪಿಎ ನೋಡುತ್ತಾರೆ. ಬ್ಯಾಕ್‌ಲಾಗ್ ಇದ್ದವರನ್ನು, ಮುಂಬೈ ಕಡೆಯವರ ಮಾತಿನಲ್ಲಿ ಕೆಟಿ ಇದ್ದವರನ್ನು, ಹೆಚ್ಚಿನ ಕಡೆ ಪರಿಗಣಿಸುವುದೇ ಇಲ್ಲ. ಹಾಗಾಗಿ ಈ ಸೆಮಿಸ್ಟರ್, ಮುಂದಿನ ಸೆಮಿಸ್ಟರ್ ಅಂಕಗಳೇ ನಿಮ್ಮ ಅರ್ಜಿ. ಜನವರಿಗೆ ಹೋಗಬೇಕಾದರೆ ಸೆಪ್ಟೆಂಬರ್–ಅಕ್ಟೋಬರ್‌ಗೆ ನಾಮಿನೇಷನ್ ಆಗಬೇಕು. ಅಲ್ಲಿಂದ ಪ್ರವೇಶ ಪತ್ರ ಬರುವಾಗ ನವೆಂಬರ್. ಅದೇ ಹೊತ್ತಿಗೆ ಇಲ್ಲಿ ಐದನೇ ಸೆಮಿಸ್ಟರ್ ಪರೀಕ್ಷೆ, ಅದೇ ಹೊತ್ತಿಗೆ ವೀಸಾ ಅಪಾಯಿಂಟ್‌ಮೆಂಟ್. ಫ್ರಾನ್ಸಿಗೆ ಮೊದಲು ಕ್ಯಾಂಪಸ್ ಫ್ರಾನ್ಸ್ ಅನ್ನುವ ಅಲ್ಲಿಯ ಸರ್ಕಾರಿ ಸಂಸ್ಥೆಯ ಪ್ರಕ್ರಿಯೆ ಮುಗಿಸಬೇಕು, ಆಮೇಲೆ ವೀಸಾ. ಜನವರಿ ಸೆಮಿಸ್ಟರ್‌ನ ದೊಡ್ಡ ಕಷ್ಟ ಇದೇ. ಪರಿಹಾರ ಒಂದೇ: ನಾಮಿನೇಷನ್ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಮಾಡಿಸಲು ಈಗಿನಿಂದಲೇ ಹಿಂದೆ ಬೀಳಿ, ಉಳಿದ ಕಾಗದಗಳನ್ನು ಮೊದಲೇ ರೆಡಿ ಇಡಿ. ಮಾರ್ಚ್‌ಗೆ ಶುರುವಾಗುವ ಜರ್ಮನ್ ಸೆಮಿಸ್ಟರ್‌ನಲ್ಲಿ ಈ ಒದ್ದಾಟ ಕಡಿಮೆ. ಆದರೂ ವೀಸಾಕ್ಕೆ ಎರಡು–ಮೂರು ತಿಂಗಳು ಇಟ್ಟುಕೊಳ್ಳಿ.

ಭಾಷೆ ಕಲಿಯಲು ಪುಣೆಗಿಂತ ಒಳ್ಳೆಯ ಊರು ಬೇಕಾ? ಜರ್ಮನ್‌ಗೆ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್‌ಗೆ ಅಲಿಯಾನ್ಸ್ ಫ್ರಾಂಸೇಸ್, ಎರಡಕ್ಕೂ ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್. ಪಾಠ ಇಂಗ್ಲಿಷ್‌ನಲ್ಲೇ ಇದ್ದರೂ ಭಾಷೆಯ ಮೊದಲ ಹಂತ ಎ1, ಸಾಧ್ಯವಾದರೆ ಎರಡನೆಯದು ಎ2 ಮುಗಿಸಿ ಹೋಗಿ. ಕ್ಲಾಸಿಗಿಂತ ಅಂಗಡಿ, ಬಸ್, ಮುನ್ಸಿಪಾಲಿಟಿ ಕಚೇರಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ರೂಮ್ ಹುಡುಕುವುದನ್ನು ಪ್ರವೇಶ ಪತ್ರ ಬಂದ ದಿನವೇ ಶುರು ಮಾಡಿ. ಮೊದಲು ಸರ್ಕಾರಿ ವಿದ್ಯಾರ್ಥಿ ವಸತಿಗೆ ಅರ್ಜಿ ಹಾಕಿ. ಜರ್ಮನಿಯಲ್ಲಿ ಅದನ್ನು ನೋಡಿಕೊಳ್ಳುವುದು ಸ್ಟುಡಿಯರೆಂಡನ್‌ವೆರ್ಕ್, ಫ್ರಾನ್ಸಿನಲ್ಲಿ ಕ್ರೂಸ್. ಜರ್ಮನಿಯ ಜಾಹೀರಾತುಗಳಲ್ಲಿ ‘ಕಾಲ್ಟ್’ ಬಾಡಿಗೆ ಅಂದರೆ ಹೀಟಿಂಗ್, ನೀರು ಸೇರದ ಬಾಡಿಗೆ. ‘ವಾರ್ಮ್’ ಅಂದರೆ ಸೇರಿದ್ದು. ಎರಡನೆಯದನ್ನೇ ನೋಡಿ ಲೆಕ್ಕ ಹಾಕಿ. ಇನ್ನು ಮೋಸದ ಮಾತು. ರೂಮಿನ ಫೋಟೋ ತುಂಬಾ ಚೆಂದ, ಬಾಡಿಗೆ ತುಂಬಾ ಕಡಿಮೆ, ಮಾಲೀಕ ಈಗ ಬೇರೆ ದೇಶದಲ್ಲಿದ್ದಾನೆ, ಡಿಪಾಸಿಟ್ ಕಳಿಸಿದರೆ ಕೀ ಕೊರಿಯರ್‌ನಲ್ಲಿ ಬರುತ್ತದೆ. ಹೀಗೆ ಬರೆದ ಮೇಲ್ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ರೂಮ್ ಸಿಗದೆ ಹೊರಟರೂ ಮೊದಲ ಎರಡು ವಾರ ಹಾಸ್ಟೆಲ್ ಹಿಡಿದು, ಕಣ್ಣಾರೆ ನೋಡಿ ದುಡ್ಡು ಕೊಡಿ. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಆ ಪತ್ರ ಕೊಡುತ್ತೀರಾ ಅಂತ ರೂಮ್ ಒಪ್ಪುವ ಮೊದಲೇ ಕೇಳಿ.

ನಮ್ಮ ಪುಣೆ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ತಾಯಂದಿರು ನನ್ನನ್ನು ನಿಲ್ಲಿಸಿ ಕೇಳುವುದೂ ಊಟದ ಬಗ್ಗೆಯೇ. ನಿಮ್ಮ ಅಮ್ಮನಿಗೆ ಹೇಳಿ, ಯೂರೋಪಿನ ಯಾವ ಊರಿನಲ್ಲೂ ಅಕ್ಕಿ, ಬೇಳೆ, ಮೊಸರು, ತರಕಾರಿ ಸಿಗುತ್ತದೆ. ವಿದ್ಯಾರ್ಥಿ ವಸತಿಯಲ್ಲಿ ಅಡುಗೆಮನೆ ಇರುತ್ತದೆ. ಹೋಗುವ ಮೊದಲು ಅನ್ನ, ಸಾರು, ಒಂದು ಪಲ್ಯ, ಚಪಾತಿ ಮಾಡಲು ಕಲಿತರೆ ಸಾಕು. ಸಣ್ಣ ಕುಕ್ಕರ್ ಒಯ್ಯಿರಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಗಟ್ಟಿಯಾಗಿ ಪ್ಯಾಕ್ ಮಾಡಿ ಒಯ್ಯಬಹುದು. ಆದರೆ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನ ದೇಶಗಳಿಂದ ಯೂರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಅಂದರೆ ಊರಿನ ತುಪ್ಪ, ಪೇಡೆ ಬೇಡ. ಹಸಿ ಕರಿಬೇವೂ ಬೇಡ. ಹಸಿ ಸೊಪ್ಪು, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ ಮತ್ತು ಡುರಿಯನ್ ಹಣ್ಣಿಗೆ ಮಾತ್ರ ವಿನಾಯಿತಿ. ಮಾತ್ರೆ ಒಯ್ಯುವುದಿದ್ದರೆ ಡಾಕ್ಟರ ಚೀಟಿ ಇಂಗ್ಲಿಷ್‌ನಲ್ಲಿ ಜೊತೆಗಿರಲಿ, ಅದರಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ.

ಪ್ಲೇಸ್‌ಮೆಂಟ್ ಭಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅಪ್ಪನ ಪ್ರಶ್ನೆ ಅದೇ. ಆರನೇ ಸೆಮಿಸ್ಟರ್‌ಗೆ ಹೋಗಿ ಜುಲೈ ಒಳಗೆ ವಾಪಸ್ ಬಂದರೆ ಪ್ಲೇಸ್‌ಮೆಂಟ್ ತಪ್ಪುವುದಿಲ್ಲ. ತಪ್ಪಿಸುವುದು ಇನ್ನೊಂದು ವಿಷಯ: ನಿಮ್ಮ ಆರನೇ ಸೆಮಿಸ್ಟರ್ ಫಲಿತಾಂಶ ಆಗ ಬಂದಿರುವುದಿಲ್ಲ. ಅಲ್ಲಿಯ ಟ್ರಾನ್‌ಸ್ಕ್ರಿಪ್ಟ್ ಪರೀಕ್ಷೆ ಮುಗಿದ ಮೇಲೆ ಒಂದೆರಡು ತಿಂಗಳು ತೆಗೆದುಕೊಳ್ಳುತ್ತದೆ. ಇಲ್ಲಿ ಕಂಪನಿಗಳು ಎಲ್ಲ ಸೆಮಿಸ್ಟರ್ ಪಾಸ್ ಆಗಿರಬೇಕು ಅಂತ ಪಟ್ಟಿ ಕೇಳುತ್ತವೆ. ಪ್ಲೇಸ್‌ಮೆಂಟ್ ಪೋರ್ಟಲ್ ನಿಮ್ಮ ಹೆಸರನ್ನು ತಾನಾಗಿಯೇ ಹೊರಗಿಡುತ್ತದೆ. ಅದಕ್ಕೆ ಹೋಗುವ ಮೊದಲೇ ಟಿಪಿಒ, ಅಂದರೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಭೇಟಿಯಾಗಿ. ಐದನೇ ಸೆಮಿಸ್ಟರ್‌ವರೆಗಿನ ಸಿಜಿಪಿಎ ಮೇಲೆ ನಿಮ್ಮನ್ನು ಅರ್ಹರೆಂದು ಹಿಡಿಯುತ್ತೇವೆ, ಆರನೆಯದು ಬರಬೇಕಾಗಿದೆ ಅಂತ ಪರೀಕ್ಷಾ ವಿಭಾಗದಿಂದ ಒಂದು ಪತ್ರ ಕೊಡಿಸುತ್ತೇವೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಅಲ್ಲಿಂದ ಹೊರಡುವ ಹಿಂದಿನ ವಾರದಲ್ಲಿ ಅಲ್ಲಿಯ ಅಂತರರಾಷ್ಟ್ರೀಯ ಕಚೇರಿಗೆ ಹೋಗಿ, ನೀವು ಬಂದದ್ದು ಮತ್ತು ಹೊರಟದ್ದು ಯಾವ ತಾರೀಖು ಅನ್ನುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಅಷ್ಟರೊಳಗೆ ಬಂದ ಗ್ರೇಡ್‌ಗಳ ತಾತ್ಕಾಲಿಕ ಪ್ರಿಂಟ್ ಕೇಳಿ. ಅಂತಿಮ ಟ್ರಾನ್‌ಸ್ಕ್ರಿಪ್ಟ್ ನಿಮಗೂ, ನೇರವಾಗಿ ಇಲ್ಲಿಯ ಪರೀಕ್ಷಾ ವಿಭಾಗಕ್ಕೂ ಕಳಿಸುವಂತೆ ಎರಡೂ ಮೇಲ್ ವಿಳಾಸ ಬರೆದುಕೊಟ್ಟು ಬನ್ನಿ.

ಈ ವಾರ ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿಭಾಗಕ್ಕೆ ಹೋಗಿ ಮೂರೂ ಒಪ್ಪಂದಗಳ ಅವಧಿ ಮತ್ತು ಶುಲ್ಕದ ಸಾಲು ನೋಡಿಕೊಳ್ಳಿ. ಆರನೇ ಸೆಮಿಸ್ಟರ್ ಸಿಲೆಬಸ್, ಮತ್ತು ಆ ಯೂನಿವರ್ಸಿಟಿಗಳಲ್ಲಿ ಜನವರಿ ಅಥವಾ ಮಾರ್ಚ್‌ಗೆ ಶುರುವಾಗುವ, ಇಂಗ್ಲಿಷ್‌ನಲ್ಲಿ ನಡೆಯುವ ವಿಷಯಗಳ ಪಟ್ಟಿ ನನಗೆ ಕಳಿಸಿ. ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ನಾನೂ ಒಮ್ಮೆ ನೋಡಿ ಬರೆಯುತ್ತೇನೆ.